ಚೀಲದ ಬಣ್ಣ ಹಚ್ಚಿಕೊಂಡ ಬಸವನಹುಳ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಸುಳ್ಳನ್ನು ಎಷ್ಟು ಚೆಂದ ಹೇಳುತ್ತಾನೆಂದರೆ, ನಿಜ ಗೊತ್ತಿದ್ದ ನನಗೇ ಒಂದು ಗಳಿಗೆ ತಲೆಯಾಡಿಸಬೇಕು ಅನ್ನಿಸಿತು. ಕಳೆದ ಶ್ರಾವಣದಲ್ಲಿ ಲಿಂಗಸುಗೂರಿನಲ್ಲಿ ಅವನ ಹೊಸ ಮನೆಯ ಗೃಹಪ್ರವೇಶ. ಹೋಳಿಗೆ ಊಟ ಮುಗಿದಿತ್ತು, ಎಲೆ ಅಡಿಕೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಕಾಕಾ ಗೋಡೆಗೆ ಬೆನ್ನು ಕೊಟ್ಟು, ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ಬಳಗಾನೂರಿನ ನಮ್ಮ ಹಳೆಯ ಮನೆಯ ಕಥೆ ತೆಗೆದ. ನಾನು ಎದುರಿಗೇ ಕೂತಿದ್ದೆ. ನನ್ನ ಮುಖ ನೋಡಿಯೂ ಅವನ ನಾಲಿಗೆ ತಡವರಿಸಲಿಲ್ಲ.

"ಬಸವನಹುಳದ ಬೆನ್ನಮ್ಯಾಲೆ ತಾನ ತಾನ ಕುಂಕುಮ ಮೂಡಿತ್ತು. ಗುಡಿಗೆ ಬಿಟ್ಟು ಬಂದ್ರ ಹೊಳ್ಳಿ ನಮ್ಮ ಮನೀಗೇ ಬರ್ತಿತ್ತು. ಅಂಥಾ ಮನಿ ನಮ್ದು."

ಮಕ್ಕಳು ಬಾಯಿ ತೆರೆದು ಕೇಳಿದವು. ಬೀಗರು ಕೈ ಮುಗಿದರು. ನನಗೆ ಮೈಯೆಲ್ಲ ಉರಿಯಿತು. ಅದು ಕುಂಕುಮವಲ್ಲ. ಭತ್ತದ ಚೀಲಕ್ಕೆ ಗುರುತು ಹಾಕುವ ಕೆಂಪು ಬಣ್ಣ. ಅದು ತಾನೇ ತಾನಾಗಿ ಮೂಡಲಿಲ್ಲ, ನಮ್ಮ ಅವ್ವ ಹಚ್ಚಿದಳು. ನಾನು ಡಬ್ಬಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತಿದ್ದೆ. ಕಾಕಾನ ಇಡೀ ಕಥೆಯಲ್ಲಿ ಅವ್ವನ ಹೆಸರಿಲ್ಲ, ಅವಳ ಗಿಡಗಳ ಹೆಸರೂ ಇಲ್ಲ. ಹುಳಕ್ಕೆ ಸಿಕ್ಕ ಮರ್ಯಾದೆ ಅವಳಿಗೆ ಅಂದೂ ಸಿಗಲಿಲ್ಲ, ಈಗ ಅವಳು ಹೋದ ಮೇಲೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವ್ವನ ತವರು ಮುದಗಲ್ಲು. ಎಲ್ಲಿ ನೋಡಿದರೂ ಕಲ್ಲು, ಕಲ್ಲಿನ ಸಂದಿಯಲ್ಲಿ ಗಿಡ. ಲಗ್ನವಾಗಿ ಬಳಗಾನೂರಿಗೆ ಬರುವಾಗ ಅವಳ ತಾಯಿ ಒಂದು ಪುಟ್ಟಿಯಲ್ಲಿ ಹಿತ್ತಲಿನ ಗಿಡಗಳ ತುಂಡುಗಳನ್ನು ಹಾಕಿ ಕೊಟ್ಟಿದ್ದಳಂತೆ. ಲೋಳೆಸರ, ಬೆರಳ ಗಾತ್ರದ ಒಂದು ಕಳ್ಳಿ, ಇನ್ನೊಂದು ನಾವು ಎಲೆಮರಿ ಗಿಡ ಅನ್ನುತ್ತಿದ್ದದ್ದು. ಅದರ ಎಲೆ ದಪ್ಪಗೆ, ಹಪ್ಪಳದ ಹಿಟ್ಟಿನಂತೆ ಮೆತ್ತಗೆ. ಎಲೆ ಮುರಿದು ನೆಲಕ್ಕೆ ಬಿದ್ದರೆ ಅದರ ಅಂಚಿನ ಸುತ್ತ ಸಣ್ಣ ಸಣ್ಣ ಮರಿಗಿಡಗಳು ಏಳುತ್ತಿದ್ದವು. ಆ ತಾಯಿ ಮರುವರ್ಷವೇ ತೀರಿಕೊಂಡಳು. ತವರಿನಲ್ಲಿ ಅಣ್ಣ ಅತ್ತಿಗೆ ಮನೆ ಮಾರಿ ಬೇರೆ ಕಡೆ ಹೋದರು. ಅಲ್ಲಿಗೆ ಅವ್ವನ ಪಾಲಿಗೆ ಮುದಗಲ್ಲು ಎಂದರೆ ಆ ಗಿಡಗಳನ್ನು ನೆಟ್ಟ ಡಬ್ಬಿಗಳಷ್ಟೇ ಉಳಿದವು. ಹೌದು, ಎಣ್ಣೆಯ ಖಾಲಿ ಡಬ್ಬಿಗಳು. ತಳಕ್ಕೆ ಮೊಳೆಯಿಂದ ತೂತು ಹೊಡೆದು, ಸಣ್ಣ ಕಲ್ಲು ಬೆರೆತ ಗರಸು ಮಣ್ಣು ತುಂಬಿ, ಅಂಗಳದ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟಿದ್ದಳು. ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೇ ಅವಕ್ಕೆ ನೀರು. ಅದೂ ಬೆಳಿಗ್ಗೆ, ಒಂದು ಲೋಟದಷ್ಟು. ಕಲ್ಲಿನಾಗ ಬೆಳೆದದ್ದಕ್ಕ ನೀರಿನ ಆಸೆ ತೋರಿಸಬಾರದು ಅನ್ನುತ್ತಿದ್ದಳು.

ಬಳಗಾನೂರೋ, ನೀರಿನ ಊರು. ಕಾಲುವೆ ಬಂದ ಮೇಲೆ ಮನೆಯ ಹಿಂದೆ, ಮುಂದೆ, ಪಕ್ಕದಲ್ಲಿ ಎಲ್ಲ ಭತ್ತದ ಗದ್ದೆ. ಬರೀ ರೊಟ್ಟಿ ತಿನ್ನುತ್ತಿದ್ದ ಮನೆಯಲ್ಲಿ ಎರಡು ಹೊತ್ತೂ ಅನ್ನವೂ ಬೇಯತೊಡಗಿತ್ತು. ಗೋಡೆಗಳು ಮಳೆಗಾಲ ಬೇಸಿಗೆ ಎನ್ನದೆ ತಂಪಾಗಿ ಬೆವರುತ್ತಿದ್ದವು. ನಡುಮನೆಯಲ್ಲಿ ಜಗಲಿ, ಅಂದರೆ ದೇವರ ಕಟ್ಟೆ. ಅಲ್ಲಿ ಬೆಳಿಗ್ಗೆ ಸಂಜೆ ಆಯಿ, ಅಂದರೆ ಅಪ್ಪನ ತಾಯಿ, ಆಮೇಲೆ ಅಪ್ಪ, ಆಮೇಲೆ ಕಾಕಾ, ಒಬ್ಬರಾದ ಮೇಲೆ ಒಬ್ಬರು ಲಿಂಗಪೂಜೆಗೆ ಕೂಡುತ್ತಿದ್ದರು. ಅವ್ವ ಮಾತ್ರ ಒಲೆಗೂ ಬಚ್ಚಲಿಗೂ ನಡುವೆ ಸಿಕ್ಕ ಹೊತ್ತಿನಲ್ಲಿ, ನಿಂತ ನಿಲುವಿನಲ್ಲಿ ಎಂಬಂತೆ ಪೂಜೆ ಮುಗಿಸುತ್ತಿದ್ದಳು. ಪೂಜೆ ಆದ ಮೇಲೆ ಉಳಿದ ನೀರನ್ನು, ಬಾಡಿದ ಪತ್ರಿ ಹೂಗಳನ್ನು ತುಳಿಯುವ ಜಾಗದಲ್ಲಿ ಚೆಲ್ಲುವಂತಿಲ್ಲ. ಗಿಡದ ಬುಡಕ್ಕೆ ಹಾಕಬೇಕು. ಅದು ಎಲ್ಲ ಮನೆಯಲ್ಲೂ ಇರುವ ಪದ್ಧತಿ, ನನಗೂ ಅದರ ಮೇಲೆ ತಕರಾರಿಲ್ಲ.

ನನ್ನ ತಕರಾರು ಯಾವ ಗಿಡದ ಬುಡಕ್ಕೆ ಎನ್ನುವುದರ ಮೇಲೆ. ಅಂಗಳದ ನಡುವೆ ದೊಡ್ಡದೊಂದು ಬೇವಿನ ಮರ ಇತ್ತು. ಎಷ್ಟು ನೀರು ಹಾಕಿದರೂ ಕುಡಿದು ಅರಗಿಸಿಕೊಳ್ಳುವ ಮರ. ಆದರೆ ಅದರ ನೆರಳಿನಲ್ಲಿ ಕಾಕಾನ ಹೊರಸು, ಅಂದರೆ ಹಗ್ಗದ ಮಂಚ, ಇರುತ್ತಿತ್ತು. ಗದ್ದೆಯಿಂದ ಬಂದವನು ಅಲ್ಲಿ ಮಲಗಬೇಕು, ಬಂದವರು ಅಲ್ಲಿ ಕೂಡಬೇಕು. ಅಲ್ಲಿ ನೀರು ಹಾಕಿದರೆ ಕೆಸರಾಗುತ್ತದೆ, ಹೊರಸಿನ ಕಾಲು ಹುಗಿಯುತ್ತದೆ. ಹಾಗಾಗಿ ಮೂವರ ಪೂಜೆಯ ನೀರು, ದಿನಕ್ಕೆರಡು ಸಲ, ಅವ್ವನ ಡಬ್ಬಿಗಳಿಗೆ. ಮೇಲೆ ಕೊಳೆಯುವ ಪತ್ರಿ, ಚೆಂಡುಹೂವು. ಅವ್ವ ವಾರಗಟ್ಟಲೆ ಒಣಗಿಸಿ ಕಾಯುತ್ತಿದ್ದ ಮಣ್ಣು ನೋಡನೋಡುತ್ತ ಜೌಗಾಯಿತು.

ಅದಾದ ಮೇಲೇ ಹುಳ ಬಂದದ್ದು. ಅದಕ್ಕೂ ಮೊದಲು ಕಾಲುವೆಯ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದವು, ಅಷ್ಟೆ. ಈಗ ತಂಪು ಮಣ್ಣು, ಹೊದ್ದುಕೊಳ್ಳಲು ಕೊಳೆತ ಹೂವು, ತಿನ್ನಲು ಎಲೆಮರಿಯ ಮೆತ್ತನೆಯ ಎಲೆ. ಅವಕ್ಕಾದರೂ ಇನ್ನೇನು ಬೇಕು? ಚಿಪ್ಪು ಹೊತ್ತವು, ಚಿಪ್ಪೇ ಇಲ್ಲದೆ ಬರೀ ಸಿಂಬಳದಂತಿರುವವು, ಎರಡೂ ಬಂದವು. ಬೆಳಿಗ್ಗೆ ನೋಡಿದರೆ ಎಲೆಗಳ ತುಂಬ ತೂತು, ಡಬ್ಬಿಯ ಮೇಲೆ ಒಣಗಿ ಮಿನುಗುವ ಜಾಡು. ಅವ್ವ ಒಲೆಯ ಬೂದಿ ತಂದು ಡಬ್ಬಿಯ ಸುತ್ತ ಗೆರೆ ಎಳೆದಳು. ಒಣ ಬೂದಿಯ ಮೇಲೆ ಹುಳ ಹರಿಯುವುದಿಲ್ಲ, ಅದು ನಿಜ. ಆದರೆ ಸಂಜೆಗೆ ಆಯಿ ನೀರು ಹಾಕಿದಳು, ಬೂದಿ ಕಲಸಿ ರಾಡಿಯಾಯಿತು. ಅವ್ವ ಡಬ್ಬಿಗಳನ್ನು ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಆಚೆ, ಬಿಸಿಲಿಗೆ ಇಟ್ಟಳು. ಆಯಿ ತಂಬಿಗೆ ಹಿಡಿದು ಅಲ್ಲಿಗೂ ಬಂದಳು. ಮುದುಕಿಯನ್ನು ಅಷ್ಟು ದೂರ ನಡೆಸುತ್ತೀ ಎಂದು ಅಪ್ಪ ಅವ್ವನಿಗೇ ಬೈದ. ಡಬ್ಬಿಗಳು ಮತ್ತೆ ಗೋಡೆಯ ಬುಡಕ್ಕೆ ಬಂದವು. ಬೇಡ ಎನ್ನುವ ಒಂದು ಮಾತನ್ನು ಅವ್ವ ಎಷ್ಟು ಸುತ್ತು ಹಾಕಿ ಆಡಿದಳೆಂಬುದು ನನಗೆ ಇಂದಿಗೂ ನೆನಪಿದೆ.

"ಇವಕ್ಕ ನೀರು ಜರಾ ಭಾಳ ಆಗಾಕತ್ತೈತೇನೋ ಅನಸ್ತೈತ್ರಿ ಅತ್ತಿ."

"ದೇವರ ನೀರಿಗೆ ಭಾಳ ಅನ್ನೂದೈತೇನು?"

ಅಷ್ಟೇ. ಅದಕ್ಕೆ ಏನು ಉತ್ತರ ಕೊಡುತ್ತೀರಿ? ನೀರು ಬೇಡವೆಂದರೆ ದೇವರೇ ಬೇಡವೆಂದ ಹಾಗೆ. ಸೊಸೆಯ ಬಾಯಿ ಮುಚ್ಚಿಸಲು ಇದಕ್ಕಿಂತ ಗಟ್ಟಿ ಮುಚ್ಚಳ ಯಾವುದಿದೆ?

ಹುಳಗಳನ್ನು ಕೊಲ್ಲುವ ಮಾತಂತೂ ಎತ್ತುವಂತಿರಲಿಲ್ಲ. ಪಕ್ಕದ ಕ್ಯಾಂಪಿನ, ಅಂದರೆ ಕಾಲುವೆ ಬಂದ ಮೇಲೆ ವಲಸೆ ಬಂದವರ ಕೇರಿಯ, ಹೆಂಗಸೊಬ್ಬಳು ಉಪ್ಪು ಉದುರಿಸು ಎಂದಳು. ಉಪ್ಪು ಹಾಕಿದರೆ ಹುಳದ ಜೊತೆ ಗಿಡವೂ ಸಾಯುತ್ತದೆ ಎಂದು ಅವ್ವ ಬಿಟ್ಟಳು. ಆಯಿಗೆ ಆ ಮಾತು ಹೇಗೋ ಕಿವಿಗೆ ಬಿದ್ದು, ಲಿಂಗ ಕಟ್ಟಿದ ಮನೆಯಲ್ಲಿ ಜೀವ ತೆಗೆಯುತ್ತೀರಾ, ಬಸವಣ್ಣನ ಹೆಸರಿಟ್ಟುಕೊಂಡು ಬಂದ ಪ್ರಾಣಿ ಅದು ಎಂದು ರಂಪ ಮಾಡಿದಳು. ಕೊನೆಗೆ ಆಯಿಯೇ ಒಂದು ದಾರಿ ಹೇಳಿದಳು. ಹುಳಗಳನ್ನು ಆರಿಸಿ ಬುಟ್ಟಿಯಲ್ಲಿ ಹಾಕಿ, ಕಾಲುವೆಯ ದಂಡೆಯ ಸಣ್ಣ ಬಸವಣ್ಣನ ಗುಡಿಯ ಹತ್ತಿರ ಬಿಟ್ಟು ಬರಬೇಕು. ಗುಡಿ ಏನು ದೂರ? ನಮ್ಮ ಅಂಗಳದಲ್ಲಿ ನಿಂತು ಕೂಗಿದರೆ ಅಲ್ಲಿಗೆ ಕೇಳುತ್ತಿತ್ತು. ನಡುವೆ ಒಂದು ಹಸಿ ಹುಲ್ಲಿನ ಬದು. ಅವ್ವ ಕಾಲುವೆ ದಾಟಿ ಬಿಡುತ್ತೇನೆ ಎಂದಳು. ಗುಡಿಗೇ ಬಿಡಬೇಕು ಎಂದಳು ಆಯಿ.

ದಿನಾ ನಸುಕಿನಲ್ಲಿ, ಒಲೆ ಹೊತ್ತಿಸುವುದಕ್ಕೂ ಮೊದಲು, ಅವ್ವ ಮತ್ತು ನಾನು ಹುಳ ಆರಿಸುತ್ತಿದ್ದೆವು. ರಾತ್ರಿ ಒದ್ದೆ ಗೋಣಿ ಹಾಸಿಟ್ಟರೆ ಅದರ ಅಡಿ ಗುಂಪಾಗಿ ಸೇರಿರುತ್ತಿದ್ದವು. ಬುಟ್ಟಿ ತುಂಬಿ ಗುಡಿಗೆ ಹೊತ್ತು, ಬಿಟ್ಟು, ಕೈ ತೊಳೆದು ಬಂದು ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಮರುದಿನ ಮತ್ತೆ ಅಷ್ಟೇ ಹುಳ. ಇವು ಹೊಸವಲ್ಲ, ನಿನ್ನೆ ಬಿಟ್ಟವೇ ತಿರುಗಿ ಬರುತ್ತಿವೆ ಎಂದು ಅವ್ವನಿಗೆ ಅನುಮಾನ. ಹೇಳಿದರೆ ಯಾರು ನಂಬುತ್ತಾರೆ? ಒಂದು ದಿನ ಅವಳು ಪಡಸಾಲೆಯಿಂದ ಕಾಕಾನ ಬಣ್ಣದ ಡಬ್ಬಿ ತಂದಳು. ಭತ್ತದ ಚೀಲಗಳ ಮೇಲೆ ಗುರುತು ಹಾಕುವ ಕೆಂಪು ಬಣ್ಣ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒಂದೊಂದು ಚಿಪ್ಪಿನ ಮೇಲೆ ಒಂದೊಂದು ಬೊಟ್ಟು ಇಟ್ಟಳು. ನನಗೆ ಆ ಕೆಲಸ ಹಬ್ಬದ ಹಾಗಿತ್ತು. ಅವ್ವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಹೊಳ್ಳಿ ಬರಲಿ, ಬುಟ್ಟಿ ತಂದು ಅತ್ತೆಯ ಮುಂದೆ ಇಡುತ್ತೇನೆ, ಆಗಲಾದರೂ ಕಾಲುವೆಯಾಚೆ ಬಿಡಲು ಒಪ್ಪುತ್ತಾರೆ ಎಂದಳು.

ಹೊಳ್ಳಿ ಬಂದವು. ಆದರೆ ಅವ್ವನಿಗಿಂತ ಮೊದಲು ಆಯಿ ನೋಡಿದಳು. ಅಂದು ಅವಳು ಎಂದಿಗಿಂತ ಬೇಗ ಪೂಜೆ ಮುಗಿಸಿ ತಂಬಿಗೆ ಹಿಡಿದು ಅಂಗಳಕ್ಕೆ ಬಂದಿದ್ದಳು. ಎಲೆಮರಿ ಗಿಡದ ಮೇಲೆ, ಅರ್ಧ ತಿಂದ ಎಲೆಯನ್ನು ತಬ್ಬಿಕೊಂಡು, ಬೆನ್ನ ಮೇಲೆ ಕೆಂಪು ಬೊಟ್ಟಿಟ್ಟುಕೊಂಡು ಕೂತಿತ್ತು ಒಂದು ದೊಡ್ಡ ಹುಳ. ಆಯಿ ಕೈಯಲ್ಲಿದ್ದ ತಂಬಿಗೆ ಬಿಟ್ಟು ಅಲ್ಲೇ ಕೂತುಬಿಟ್ಟಳು. ಬಸವಣ್ಣ ಕುಂಕುಮ ಹಚ್ಚಿ ಕಳಿಸಿದ್ದಾನೆ ಎಂದು ಅಳತೊಡಗಿದಳು. ನೀರಿಗೆಂದು ಬಂದಿದ್ದ ಪಕ್ಕದ ಮನೆಯಾಕೆ ಕೊಡ ಕೆಳಗಿಟ್ಟು ಕೈ ಮುಗಿದಳು. ಅವ್ವ ಓಡಿ ಬಂದು ಹೇಳಿದಳು.

"ಅತ್ತಿ, ಅದು ಕುಂಕುಮ ಅಲ್ರಿ. ಚೀಲದ ಬಣ್ಣ. ನಾನ ಹಚ್ಚೀನಿ."

ಆಯಿ ಕೇಳಿಸಿಕೊಂಡಳೋ ಇಲ್ಲವೋ. ಕೇಳಿಸಿಕೊಂಡವನು ಕಾಕಾ. ಹೊರಸಿನಿಂದ ಎದ್ದು ಬಂದು ಹುಳವನ್ನು ಎತ್ತಿಕೊಂಡ. ಉಗುರಿನಿಂದ ಬೊಟ್ಟನ್ನು ಕೆರೆದ. ಉಗುರಿಗೆ ಹತ್ತಿದ ಬಣ್ಣವನ್ನು ನೋಡಿದ, ಅವ್ವನನ್ನು ನೋಡಿದ. ಅವನದೇ ಡಬ್ಬಿಯ ಬಣ್ಣ, ಅವನಿಗೆ ಗೊತ್ತಾಗದೆ ಇರುತ್ತದೆಯೇ? ಹುಳವನ್ನು ಮೆಲ್ಲಗೆ ಅದೇ ಎಲೆಯ ಮೇಲೆ ಇಟ್ಟು, ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ಸುಮ್ನಿರು ಅತ್ತಿಗಿ. ಅವ್ವಗ ಸಂತೋಷ ಆಗೇತಿ, ಯಾಕ ಕೆಡಸ್ತಿ?"

ಅಲ್ಲಿಂದ ನಮ್ಮ ಅಂಗಳ ನಮ್ಮದಾಗಿ ಉಳಿಯಲಿಲ್ಲ. ಮಂದಿ ಬಂದರು. ಮಸ್ಕಿಯಿಂದ ಆಯಿಯ ತಂಗಿ ಬಸ್ಸು ಹತ್ತಿ ಬಂದಳು. ಬಂದವರೆಲ್ಲ ಕಾಯಿ ಒಡೆದು ಅದರ ನೀರನ್ನು ಡಬ್ಬಿಗೆ ಸುರಿದರು, ಹೂವು ಏರಿಸಿದರು, ಕುಂಕುಮ ಚೆಲ್ಲಿದರು. ಹುಳಗಳನ್ನು ಮುಟ್ಟುವುದಿರಲಿ, ಆ ಕಡೆ ಕಸಬರಿಗೆ ತಿರುಗಿಸುವುದಕ್ಕೂ ಅವ್ವನಿಗೆ ಅಪ್ಪಣೆ ಇರಲಿಲ್ಲ. ಬಂದವರಿಗೆಲ್ಲ ಚಹಾ ಕಾಸಿ ಕೊಡುವ ಅಪ್ಪಣೆ ಮಾತ್ರ ಇತ್ತು. ಲೋಳೆಸರ ಬುಡದಿಂದ ಕೊಳೆತು ನಾರಿತು. ಕಳ್ಳಿ ಮೆತ್ತಗಾಗಿ ಒಂದು ಬದಿಗೆ ಬಿತ್ತು. ಎಲೆಮರಿ ಗಿಡ ದಿನದಿಂದ ದಿನಕ್ಕೆ ದಂಟಾಗುತ್ತ ಬಂತು. ಅವ್ವ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಿದ್ದಳು. ತಾಯಿಯ ಕೈಯಿಂದ ಬಂದದ್ದು ಕಣ್ಣೆದುರಿಗೇ ಹೋಗುತ್ತಿತ್ತು. ಹುಳ ತಿನ್ನುವುದು ಅದರ ಹೊಟ್ಟೆಗಾಗಿ. ನಿಂತು ನೋಡಿ ಕೈ ಮುಗಿಯುತ್ತಿದ್ದ ಮನುಷ್ಯರ ಮೇಲೆ ನನಗೆ ಸಿಟ್ಟು.

ಅದೇ ವಾರ ಕಾಕಾ ಗದ್ದೆಗೆ ಎಣ್ಣೆ ಹೊಡೆಯಲು ಹೋದ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಇಡೀ ಗದ್ದೆಗೆ ಹೊಡೆದು ಬಂದ. ಬುತ್ತಿ ಕೊಡಲು ಹೋಗಿದ್ದ ನಾನು ಬದುವಿನಲ್ಲಿ ನಿಂತು ನೋಡಿದೆ. ಕಪ್ಪೆ, ಏಡಿ, ಸಣ್ಣ ಮೀನು, ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವುಗಳ ನಡುವೆ ಬಸವನಹುಳಗಳೂ ಇದ್ದವು. ಒಂದೆರಡರ ಬೆನ್ನ ಮೇಲೆ ಕೆಂಪು ಬೊಟ್ಟಿತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಆಗ ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಕಾಕಾ ಮಿಂದು, ವಿಭೂತಿ ಧರಿಸಿ, ಪೂಜೆ ಮಾಡಿ, ನೀರು ಡಬ್ಬಿಗೆ ಹಾಕಿ ಊಟಕ್ಕೆ ಬಂದು ಅಪ್ಪನ ಪಕ್ಕದಲ್ಲಿ ಕೂತ. ಸಾಬೂನಿನಿಂದ ಎಷ್ಟು ತಿಕ್ಕಿದರೂ ಆ ಎಣ್ಣೆಯ ವಾಸನೆ ಅವನ ಕೈ ಬಿಟ್ಟಿರಲಿಲ್ಲ. ಅವ್ವ ರೊಟ್ಟಿ ಹಿಡಿದುಕೊಂಡು ಬಂದವಳು ತಾಟಿಗೆ ಹಾಕದೆ ನಿಂತಳು.

"ಗದ್ಯಾಗ ಸತ್ತಾವಲ್ಲ, ಅವು ಯಾರ ಹುಳ?"

ಕಾಕಾ ತಲೆಯೆತ್ತಿ ನೋಡಿದ. ಅವನಿಗೆ ನಿಜವಾಗಿಯೂ ಪ್ರಶ್ನೆ ತಿಳಿಯಲಿಲ್ಲವೋ, ತಿಳಿಯದವನ ಹಾಗೆ ಮಾಡಿದನೋ.

"ಹೊಲದ್ದು ಬ್ಯಾರೆ, ಮನೀದು ಬ್ಯಾರೆ."

"ಹಂಗಂದ್ರ ನನ್ನ ಡಬ್ಬೀನೂ ಹೊಲಾ ಅಂತ ತಿಳೀರಿ. ನಂದೂ ಬೆಳಿನ."

ಅವ್ವ ಅಷ್ಟು ದೊಡ್ಡ ಮಾತು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯಿ ಲಿಂಗ ಹಿಡಿದುಕೊಂಡು ಶಿವಾ ಶಿವಾ ಅಂದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕೆಟ್ಟವನಲ್ಲ, ಅವ್ವನ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಒಂದು ಮಾತು, ಅವಳು ಕೇಳೂದು ಖರೇ ಐತಿ ಎಂದು ಒಂದೇ ಒಂದು ಮಾತು ಅವನು ಅಂದಿದ್ದರೆ ಸಾಕಿತ್ತು. ಅಪ್ಪ ಹಿಂಡಿ ಚಟ್ನಿಯಲ್ಲಿ ರೊಟ್ಟಿ ಅದ್ದುತ್ತ ತಾಟು ನೋಡಿಕೊಂಡೇ ಹೇಳಿದ.

"ಎರಡು ಗಿಡದ ಸಲುವಾಗಿ ಉಣ್ಣೂ ಹೊತ್ತಿನ್ಯಾಗ ಯಾಕ ಜಗಳ? ನೀಡು."

ಅವ್ವ ನೀಡಿದಳು. ರೊಟ್ಟಿ ನೀಡಿದಳು, ಅನ್ನ ನೀಡಿದಳು, ಮಜ್ಜಿಗೆ ನೀಡಿದಳು. ಎಲ್ಲರೂ ಎದ್ದ ಮೇಲೆ ಅಂಗಳಕ್ಕೆ ಹೋಗಿ ಎಲೆಮರಿಯ ದಂಟಿನಲ್ಲಿ ಉಳಿದಿದ್ದ ಒಂದೇ ಎಲೆಯನ್ನು ಮುರಿದುಕೊಂಡು ಬಂದಳು. ಅದರಲ್ಲೂ ಒಂದು ತೂತು. ಸೆರಗಿನಿಂದ ಒರೆಸಿ, ಒಲೆಯ ಮೇಲಿನ ಗೋಡೆಯಲ್ಲಿ ಉಪ್ಪಿನ ಭರಣಿ ಇಡುವ ಗೂಡಿನಲ್ಲಿ, ಭರಣಿಯ ಹಿಂದೆ ಇಟ್ಟಳು. ಮಣ್ಣಿಲ್ಲ, ನೀರಿಲ್ಲ. ಹೊಗೆ ಮತ್ತು ಒಲೆಯ ಶಾಖ ಅಷ್ಟೆ. ಎಲೆ ಬಾಡಿ ಸುಕ್ಕಾಯಿತು. ಆದರೆ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು, ಆಮೇಲೆ ಕೂದಲಿನಂಥ ಬೇರು, ಆಮೇಲೆ ಎರಡೆರಡು ಎಲೆಯ ಮರಿಗಳು. ಅವನ್ನು ಹಿಡಿಕೆ ಮುರಿದ ಕಪ್ಪಿನಲ್ಲಿ ಒಣ ಗರಸು ತುಂಬಿ ನೆಟ್ಟಳು. ಕಪ್ಪನ್ನು ಅದೇ ಗೂಡಿನಲ್ಲಿ ಇಟ್ಟಳು. ಅಡುಗೆಮನೆಗೆ ಮಿಂದ ಗಂಡಸರು ಪೂಜೆಯ ನೀರು ಹಿಡಿದು ಬರುತ್ತಿರಲಿಲ್ಲ, ಆಯಿಯ ಕೈ ಅಷ್ಟು ಎತ್ತರಕ್ಕೆ ನಿಲುಕುತ್ತಿರಲಿಲ್ಲ. ಅಷ್ಟು ದೊಡ್ಡ ಮನೆ, ಅಷ್ಟು ದೊಡ್ಡ ಅಂಗಳ. ಬೆಳಕು ಹರಿಯುವ ಮೊದಲಿನಿಂದ ಕತ್ತಲಾಗುವವರೆಗೆ ಅದನ್ನು ಸಾರಿಸಿ ಗುಡಿಸಿದವಳಿಗೆ ಒಂದು ಗಿಡ ಇಟ್ಟುಕೊಳ್ಳಲು ಸಿಕ್ಕ ಜಾಗ ಅದು. ಭರಣಿಯ ಹಿಂದೆ.

ಅಂಗಳದಲ್ಲಿ ಗಿಡ ಮುಗಿಯಿತು, ಹುಳಗಳೂ ಹೋದವು. ತಿನ್ನಲು ಏನೂ ಇಲ್ಲದ ಮೇಲೆ ಅವು ಯಾಕೆ ನಿಲ್ಲುತ್ತವೆ? ಬಸವಣ್ಣ ತನ್ನವರನ್ನು ಕರೆಸಿಕೊಂಡ ಎಂದಳು ಆಯಿ. ಖಾಲಿ ಡಬ್ಬಿಗಳಿಗೆ ಬಹಳ ದಿನ ನೀರು ಬೀಳುತ್ತಲೇ ಇತ್ತು. ನನ್ನ ಲಗ್ನವಾಗಿ ಸಿಂಧನೂರಿಗೆ ಬರುವಾಗ ಅವ್ವ ಆ ಗೂಡಿನ ಗಿಡದ ಒಂದು ಎಲೆ ಕೊಟ್ಟಳು. ಇಂದು ನನ್ನ ಮಾಳಿಗೆಯ ಮೇಲೆ ಅದರ ಸಂತಾನ ಸಾಲುಗಟ್ಟಿ ನಿಂತಿದೆ. ಇಟ್ಟಿಗೆಯ ಮೇಲೆ ಕುಂಡ, ಕುಂಡದಲ್ಲಿ ಗರಸು, ಸುತ್ತ ಒಣ ಬೂದಿ, ಮಣ್ಣು ಒಣಗಿದ ಮೇಲಷ್ಟೇ ಬೆಳಿಗ್ಗೆ ಒಂದು ಲೋಟ ನೀರು. ಒಂದು ಹುಳವೂ ಇಲ್ಲ.

ಲಿಂಗಸುಗೂರಿನಲ್ಲಿ ಆ ರಾತ್ರಿ ಉಳಿಯಬೇಕಾಯಿತು. ಕಾಕಾನ ಸೊಸೆ ಶೋಭಾ ಒಳ್ಳೆಯ ಹುಡುಗಿ. ಮುಂಬಾಗಿಲ ಕಟ್ಟೆಯ ಮೇಲೆ ಅವಳು ಪಿಂಗಾಣಿ ಬಟ್ಟಲುಗಳಲ್ಲಿ ಗಿಡ ಇಟ್ಟಿದ್ದಾಳೆ. ಸಕ್ಯುಲೆಂಟ್ ಅಂತೀವ್ರಿ ಇವಕ್ಕ ಎಂದು ತೋರಿಸಿದಳು. ಅವಳು ಕೇಳಿದ್ದಳೆಂದು ನಾನೂ ಎಲೆಮರಿಯ ಒಂದು ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಬಟ್ಟಲುಗಳಲ್ಲಿ ಎಲೆಗಳ ತುಂಬ ತೂತು, ಮೇಲೆ ಅದೇ ಮಿನುಗುವ ಜಾಡು. ವಾರಕ್ಕೊಮ್ಮೆ ಮಾತ್ರ ನೀರು ಹಾಕುತ್ತೇನೆ, ಆದರೂ ಮಣ್ಣು ಯಾಕೆ ಒದ್ದೆ ಇರುತ್ತದೋ ತಿಳಿಯುತ್ತಿಲ್ಲ, ಅಂಗಡಿಯಿಂದ ಹುಳದ ಔಷಧಿ ತಂದು ಹಾಕಿದರೂ ಹೋಗುತ್ತಿಲ್ಲ ಎಂದು ಅವಳ ಗೋಳು. ನಾನು ಮಣ್ಣಿಗೆ ಬೆರಳಿಟ್ಟು ನೋಡಿದೆ. ಜೌಗು. ಮೇಲೆ ಒಂದು ಬಾಡಿದ ಪತ್ರಿ ಎಲೆ.

ಬೆಳಿಗ್ಗೆ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಶೋಭಾ ಹೊಸಲಿಗೆ ರಂಗೋಲಿ ಹಾಕುತ್ತಿದ್ದಳು. ಕಾಕಾ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಕೈಯಲ್ಲಿ ತಂಬಿಗೆ ಹಿಡಿದು ಹೊರಗೆ ಬಂದ. ನೇರ ಬಟ್ಟಲುಗಳ ಕಡೆ ನಡೆದ. ಶೋಭಾ ತಲೆಯೆತ್ತಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿಕೊಂಡಳು. ಆ ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು ಎದ್ದು ಹೋಗಿ ಬಟ್ಟಲಿಗೂ ತಂಬಿಗೆಗೂ ನಡುವೆ ನನ್ನ ಅಂಗೈ ಹಿಡಿದೆ.

"ನೀರು ಹಾಕಬ್ಯಾಡ್ರಿ, ಕಾಕಾ."

"ದೇವರ ನೀರವ್ವಾ ಇದು."

"ಗೊತ್ತೈತ್ರಿ. ಹಾಕಬ್ಯಾಡ್ರಿ. ಕೊಳೀತಾವ. ಹುಳ ಬರ್ತಾವ."

ಅವನು ನನ್ನ ಮುಖ ನೋಡಿದ. ಹುಳ ಎನ್ನುವ ಮಾತಿಗೆ ಅವನ ಕಣ್ಣು ಒಂದು ಸಲ ಅಲುಗಿತು. ಹಿಂದಿನ ದಿನ ಹೇಳಿದ ಕಥೆ ಇಬ್ಬರ ನಡುವೆಯೂ ನಿಂತಿತ್ತು. ಅವನು ಏನೂ ಒಪ್ಪಿಕೊಳ್ಳಲಿಲ್ಲ, ಒಪ್ಪಿಕೊಳ್ಳುವ ಮನುಷ್ಯನೂ ಅಲ್ಲ. ಮತ್ತೆ ಎಲ್ಲಿ ಚೆಲ್ಲಲಿ, ತುಳಿಯೋ ಜಾಗದಾಗ ಚೆಲ್ಲಾಕ ಬರ್ತೈತೇನು ಎಂದು ಗೊಣಗಿದ. ನಾನು ಗೇಟಿನ ಕಡೆ ತೋರಿಸಿದೆ. ಮನೆ ಕಟ್ಟುವಾಗ ಕಡಿಯದೆ ಬಿಟ್ಟ ಹಳೆಯ ಬೇವಿನ ಮರ ಅಲ್ಲಿದೆ. ಅದರ ಬುಡದಲ್ಲಿ, ನೆರಳಿನಲ್ಲಿ, ಅವನ ಕುರ್ಚಿ.

"ಅಲ್ಲಿ ರಾಡಿ ಆಕ್ಕೈತಿ. ನಾ ಕುಂದ್ರೂ ಜಾಗ ಅದು."

ನಮ್ಮ ಅವ್ವ ಬದುಕಿದಷ್ಟು ಕಾಲವೂ ಆಡದೆ ಉಳಿದ ಮಾತು, ಎಷ್ಟು ಸಣ್ಣ ಮಾತು. ಶೋಭಾ ರಂಗೋಲಿ ಪುಡಿ ಹಿಡಿದ ಕೈ ಹಾಗೇ ನಿಲ್ಲಿಸಿ ನೋಡುತ್ತಿದ್ದಳು. ಅವಳಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಕುರ್ಚಿ ಸರಸ್ರಿ."